ಮಕ್ಕಳ ಜಗಳವೂ ಸಮಾಧಾನದ ಪಾಠವೂ

(ತಾಯಿತಂದೆಗಳಿಗಾಗಿಯೂ ಆದಿತ್ಯವಾರದ ಶಾಲೆಯ ಉಪಾಧ್ಯಾಯರಿಗಾಗಿಯೂ)

ಓದತಕ್ಕ ವೇದಭಾಗಗಳು: ಆದಿಕಾಂಡ ೧೩:೫–೧೨, ಮತ್ತಾಯ ೧೮:೧೫–೧೭, ಮಾರ್ಕ ೯:೩೩–೩೭, ಎಫೆಸದವರಿಗೆ ೬:೪.



ನಮ್ಮ ಸಭೆಗಳಲ್ಲಿ ಮಕ್ಕಳಿಗೆ ಕಲಿಸಬೇಕೆಂಬ ಆಸಕ್ತಿ ಇಲ್ಲವೆಂದು ಯಾರೂ ಹೇಳಲಾರರು. ಕರ್ತನ ಪ್ರಾರ್ಥನೆಯನ್ನೂ ಹತ್ತು ಆಜ್ಞೆಗಳನ್ನೂ ಗೀತಗಳನ್ನೂ ಅವರಿಗೆ ಬಾಯಿಪಾಠ ಮಾಡಿಸುತ್ತೇವೆ. ನಮ್ಮ ಹೊಟ್ಟೆಗೆ ಕಡಿಮೆ ಮಾಡಿಕೊಂಡಾದರೂ ಅವರನ್ನು ಶಾಲೆಗೆ ಕಳುಹಿಸುತ್ತೇವೆ. ಆದರೆ ಅಂಗಳದಲ್ಲಿ ಇಬ್ಬರು ಮಕ್ಕಳು ಒಂದು ಬುಗುರಿಗಾಗಿ ಕೂದಲು ಹಿಡಿದು ಎಳೆದಾಡುವಾಗ, ಅದು ಸಹ ಒಂದು ಪಾಠದ ಸಮಯವೆಂದು ನಮ್ಮಲ್ಲಿ ಎಷ್ಟು ಮಂದಿಗೆ ತೋಚುತ್ತದೆ? ಆಗ ನಾವು ಕೈಗೆ ಸಿಕ್ಕಿದ ಕೋಲನ್ನು ತೆಗೆದುಕೊಳ್ಳುತ್ತೇವೆ; ಇಲ್ಲವೆ ನಮ್ಮ ಕೂಸಿನ ಪಕ್ಷವನ್ನು ಹಿಡಿದು ನೆರೆಮನೆಯ ಬಾಗಿಲಿಗೆ ಹೋಗುತ್ತೇವೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂದು ಗಾದೆಯುಂಟಷ್ಟೆ. ಹಳ್ಳಿಗಳಲ್ಲಿ ಅನೇಕ ಸಾರಿ ಅದು ತಿರುಗುಮುರುಗಾಗಿ, ಕೂಸುಗಳ ಜಗಳದಲ್ಲಿ ಮನೆಗಳೂ ಸಭೆಯೂ ಬಡವಾಗುತ್ತವೆ. ಮಕ್ಕಳು ಸಾಯಂಕಾಲಕ್ಕೆ ಮುಂಚೆಯೇ ಒಂದೇ ತಟ್ಟೆಯಲ್ಲಿ ಕಡಲೆ ತಿನ್ನುತ್ತಿರುತ್ತಾರೆ. ದೊಡ್ಡವರಾದರೋ ದೇವಾಲಯದಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದೆ ಕುಳಿತಿರುತ್ತಾರೆ.

ಈ ಪಾಠದಲ್ಲಿ ನಾವು ಕಲಿಯತಕ್ಕದ್ದು ಒಂದೇ ಮಾತು. ಮಕ್ಕಳ ಜಗಳದಲ್ಲಿ ಹಿರಿಯನು ನ್ಯಾಯಾಧಿಪತಿಯೂ ಅಲ್ಲ, ವಕೀಲನೂ ಅಲ್ಲ. ಇಬ್ಬರೂ ಮಾತಾಡುವಂತೆ ಮಾಡಿ ಅವರಿಂದಲೇ ಸಮಾಧಾನವನ್ನು ಹೊರಡಿಸುವ ಮಧ್ಯಸ್ಥನು. ತನ್ನ ಸಹೋದರನು ಬಾಧ್ಯತೆಯನ್ನು ಹಂಚಿಕೊಡುವಂತೆ ಹೇಳಬೇಕೆಂದು ಒಬ್ಬನು ಕೇಳಿಕೊಂಡಾಗ, ನಮ್ಮ ಕರ್ತನು ತಾನು ಅವರ ಮೇಲೆ ನ್ಯಾಯತೀರಿಸುವವನಾಗಲಿ ಪಾಲುಮಾಡುವವನಾಗಲಿ ಆಗುವದಿಲ್ಲವೆಂದು ನಿರಾಕರಿಸಿ, ಜಗಳದ ಬೇರಾದ ಲೋಭವನ್ನು ಕುರಿತು ಮಾತಾಡಿದನೆಂದು ಲೂಕನ ಸುವಾರ್ತೆಯ ೧೨ನೆಯ ಅಧ್ಯಾಯದಲ್ಲಿ ಓದುತ್ತೇವೆ. ಈ ವಿಷಯದಲ್ಲಿಯೂ ನಾವು ಆತನ ಶಿಷ್ಯರಾಗಬೇಕು.

೧. ಮಕ್ಕಳಲ್ಲಿ ಜಗಳ ಯಾಕೆ ಹುಟ್ಟುತ್ತದೆ?

ಮನುಷ್ಯನ ಹೃದಯವು ಹುಟ್ಟಿನಿಂದಲೇ ತನ್ನ ಕಡೆಗೆ ಬಾಗಿರುವದೆಂದು ದೇವರ ವಾಕ್ಯದಿಂದ ನಾವು ಬಲ್ಲೆವು. ಆದರೂ ಮೂರು ವರ್ಷದ ಕೂಸು ಬುಟ್ಟಿಯನ್ನು ಕಸಕೊಂಡಾಗಲೆಲ್ಲಾ ಅದರಲ್ಲಿ ಕಾಯಿನನ ದ್ವೇಷವನ್ನು ಕಾಣುವದು ಸರಿಯಲ್ಲ. ಆ ಕೂಸಿಗೆ ಬೇಕೆಂಬದು ಬಹಳ, ಮಾತು ಸ್ವಲ್ಪ. "ನೀನು ಆಡಿದ ಮೇಲೆ ನನಗೆ ಕೊಡುತ್ತೀಯಾ?" ಎಂದು ಕೇಳುವದಕ್ಕೆ ಬೇಕಾದ ಮಾತುಗಳು ಅದರ ನಾಲಿಗೆಗೆ ಇನ್ನೂ ಬಂದಿಲ್ಲ, ಕೈ ಮಾತ್ರ ಬಂದಿದೆ. ಕಾಯುವದೆಂದರೆ ಏನೆಂಬದೂ ಅದಕ್ಕೆ ತಿಳಿಯದು. ದೊಡ್ಡವರಿಗೆ ಎರಡು ನಿಮಿಷವಾಗಿರುವದು ಅದಕ್ಕೆ ಒಂದು ದಿವಸದಂತೆ ತೋರುತ್ತದೆ.

ಹೆಲೆನ್ ಡಾವ್ ಎಂಬ ವಿದುಷಿಯು ಅಮೇರಿಕ ದೇಶದಲ್ಲಿ ಶಿಶುಶಾಲೆಯ ಮಕ್ಕಳ ೨೦೦ ಜಗಳಗಳನ್ನು ಪಕ್ಕದಲ್ಲಿ ನಿಂತು ನೋಡಿ ಬರೆದಿಟ್ಟುಕೊಂಡು ೧೯೩೪ರಲ್ಲಿ ಪ್ರಕಟಿಸಿದಳು. ಆ ಮಕ್ಕಳು ಎರಡರಿಂದ ಐದು ವರ್ಷದೊಳಗಿನವರು. ಆಕೆ ಕಂಡದ್ದೇನಂದರೆ, ಒಂದೊಂದು ಜಗಳವು ಸರಾಸರಿ ಅರ್ಧ ನಿಮಿಷದಷ್ಟೂ ನಡೆಯಲಿಲ್ಲ. ವಸ್ತುಗಳಿಗಾಗಿ ಹುಟ್ಟಿದ ಜಗಳಗಳೇ ಹೆಚ್ಚು. ಬಹಳ ಜಗಳಗಳನ್ನು ಮಕ್ಕಳು ತಾವೇ ಮುಗಿಸಿಕೊಂಡರು. ಮುಗಿದ ಮೇಲೆ ಹೆಚ್ಚಾಗಿ ಸಂತೋಷದಿಂದಲೇ ಆಟಕ್ಕೆ ತಿರುಗಿಕೊಂಡರು. ಆದಕಾರಣ ಕೂಗು ಕೇಳಿದ ಕೂಡಲೆ ಓಡಿಹೋಗಿ ನಡುವೆ ಬೀಳಬೇಕಾದ ಅವಶ್ಯವಿಲ್ಲ. ಹತ್ತಿರಕ್ಕೆ ಹೋಗಿ ನಿಂತು ನೋಡಿರಿ. ಪೆಟ್ಟಾಗುವ ಭಯವಿಲ್ಲದಿದ್ದರೆ ಸ್ವಲ್ಪ ಹೊತ್ತು ಕಾದುಕೊಳ್ಳಿರಿ. ಅರ್ಧ ನಿಮಿಷದಲ್ಲಿ ಆರಿಹೋಗುವ ಬೆಂಕಿಗೆ ನಾವೇ ಸೌದೆಯನ್ನು ಹಾಕತಕ್ಕದ್ದಲ್ಲ.

ಆದಿಕಾಂಡದ ೧೩ನೆಯ ಅಧ್ಯಾಯದಲ್ಲಿ ಅಬ್ರಾಮನ ದನಕಾಯುವವರಿಗೂ ಲೋಟನ ದನಕಾಯುವವರಿಗೂ ಜಗಳವಾಯಿತು. ಕಾರಣವೇನು? ದ್ವೇಷವಲ್ಲ, ಸ್ಥಳವು ಸಾಲದೆ ಹೋಯಿತು. ಮಕ್ಕಳ ಜಗಳಗಳಲ್ಲಿಯೂ ಬಹಳವಾಗಿ ಇದೇ ಕಾರಣ. ಒಂದು ಜೋಕಾಲಿ, ನಾಲ್ಕು ಮಂದಿ. ಒಂದು ಬಳಪ, ಇಬ್ಬರು. ಅಲ್ಲಿ ಅಬ್ರಾಮನು ಮಾಡಿದ್ದನ್ನು ಗಮನಿಸಿರಿ. ಕೆಲಸದವರ ಜಗಳವನ್ನು ಅವನು ಒಡೆಯರ ಜಗಳವಾಗಗೊಡಲಿಲ್ಲ. ಯಾರು ಮೊದಲು ಬೈದರೆಂದು ವಿಚಾರಣೆ ನಡಿಸಲಿಲ್ಲ. ತಾವು ಬಂಧುಗಳೆಂಬದನ್ನು ಲೋಟನಿಗೆ ನೆನಪುಮಾಡಿದನು. ಬಳಿಕ ತಾನು ಹಿರಿಯನಾಗಿದ್ದರೂ ಆರಿಸಿಕೊಳ್ಳುವ ಹಕ್ಕನ್ನು ಕಿರಿಯನಿಗೆ ಬಿಟ್ಟುಕೊಟ್ಟನು. ಯಾರೂ ಅವನ ಕೈ ಹಿಡಿದು ಬಿಡಿಸಲಿಲ್ಲ, ಅವನಾಗಿಯೇ ಬಿಟ್ಟನು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದಿರಿ.

೨. ನಾವು ಮಾಡುವ ನಾಲ್ಕು ತಪ್ಪುಗಳು

ಮೊದಲನೆಯದು, ಇಬ್ಬರನ್ನೂ ಹೊಡೆದು ಸುಮ್ಮನಿರಿಸುವದು. ಹೊಡೆತದಿಂದ ಮೌನ ಬರುತ್ತದೆ, ಸಮಾಧಾನ ಬರುವದಿಲ್ಲ. ಬಲವಾದ ಕೈಯುಳ್ಳವನ ಮಾತೇ ನಡೆಯತಕ್ಕದ್ದೆಂಬ ಪಾಠವನ್ನು ಕೂಸು ನಮ್ಮಿಂದಲೇ ಕಲಿತು, ನಾಳೆ ತನಗಿಂತ ಚಿಕ್ಕವನ ಮೇಲೆ ಅದನ್ನು ಒಪ್ಪಿಸುತ್ತದೆ. ಮಕ್ಕಳಿಗೆ ಕೋಪವನ್ನೆಬ್ಬಿಸದೆ ಕರ್ತನಿಗೆ ಒಪ್ಪುವ ಶಿಕ್ಷಣದಲ್ಲಿ ಸಾಕಬೇಕೆಂದು ಅಪೊಸ್ತಲನಾದ ಪೌಲನು ಎಫೆಸದ ತಂದೆಗಳಿಗೆ ಬರೆದನಷ್ಟೆ. ನಮ್ಮ ದೇಶದಲ್ಲಿ ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಕಲಮು ಶಾಲೆಯಲ್ಲಿ ಮಗುವನ್ನು ಹೊಡೆಯುವದನ್ನೂ ಮನಸ್ಸಿಗೆ ಹಿಂಸೆ ಕೊಡುವದನ್ನೂ ನಿಷೇಧಿಸಿದೆ. ಸರಕಾರದ ಕಾಯಿದೆಯು ಶಾಲೆಯ ಬೆತ್ತವನ್ನು ತೆಗೆದಿರಲಾಗಿ, ಕ್ರಿಸ್ತನ ಕೃಪೆಯನ್ನು ಬಲ್ಲ ಮನೆಯಲ್ಲಿ ಅದು ಮೂಲೆಯಲ್ಲಿ ನಿಂತಿರುವದು ಚಂದವೇ?

ಎರಡನೆಯದು, ಎಷ್ಟು ನಷ್ಟವಾಯಿತೆಂದು ನೋಡಿ ತಪ್ಪನ್ನು ಅಳೆಯುವದು. ಸ್ವಿಟ್ಜರ್ಲೆಂಡ್ ದೇಶದ ಜಾನ್ ಪಿಯಾಜೆ ಎಂಬ ಪಂಡಿತನು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳಿಗೆ ತಾನು ಕೇಳಿದ ಒಂದು ಪ್ರಶ್ನೆಯನ್ನು ತಿಳಿಸಿದ್ದಾನೆ. ಒಬ್ಬ ಹುಡುಗನು ಊಟಕ್ಕೆ ಕರೆದಾಗ ಬಾಗಿಲನ್ನು ತೆರೆದನು; ಹಿಂದೆ ತಟ್ಟೆಯಲ್ಲಿ ಬಟ್ಟಲುಗಳಿದ್ದದ್ದು ಅವನಿಗೆ ತಿಳಿಯದು; ೧೫ ಬಟ್ಟಲುಗಳು ಒಡೆದುಹೋದವು. ಮತ್ತೊಬ್ಬನು ತಾಯಿ ಇಲ್ಲದಿರುವಾಗ ತಿಂಡಿಯನ್ನು ಕದಿಯಲು ಹತ್ತಿ ೧ ಬಟ್ಟಲನ್ನು ಒಡೆದನು. ಇವರಲ್ಲಿ ಯಾರ ತಪ್ಪು ದೊಡ್ಡದು? ಚಿಕ್ಕ ಮಕ್ಕಳಲ್ಲಿ ಅನೇಕರು ಹದಿನೈದು ಒಡೆದವನದೇ ಎಂದು ಉತ್ತರಕೊಟ್ಟರು. ದೊಡ್ಡವರಾಗುತ್ತಾ ಮನಸ್ಸಿನ ಉದ್ದೇಶವನ್ನು ನೋಡಿ ತೀರ್ಮಾನಿಸಲು ಕಲಿತರು. ನಾವು ಮಾಡುವದೇನು? ಹೊಸ ಕೊಡವು ಒಡೆದರೆ ಒಂದು ತೀರ್ಪು, ಹಳೆಯ ಮಡಕೆ ಒಡೆದರೆ ಮತ್ತೊಂದು ತೀರ್ಪು. ಹೃದಯವನ್ನು ನೋಡುವ ದೇವರ ಮಕ್ಕಳೆನ್ನಿಸಿಕೊಂಡು ಒಡಕು ಚೂರುಗಳನ್ನು ಎಣಿಸುತ್ತಾ ಕೂಡ್ರುವದು ನಮಗೆ ತಕ್ಕದ್ದಲ್ಲ. "ಬೇಕೆಂದು ಮಾಡಿದೆಯೋ, ಕೈ ತಪ್ಪಿತೋ?" ಎಂದು ಕೇಳುವ ತಾಯಿಯ ಮಕ್ಕಳು ಉದ್ದೇಶವನ್ನು ವಿಚಾರಿಸುವ ಅಭ್ಯಾಸವನ್ನು ಬೇಗನೆ ಕಲಿಯುವರು.

ಮೂರನೆಯದು, ಯಾವಾಗಲೂ ಒಬ್ಬರಿಂದಲೇ ಬಿಡಿಸುವದು. "ನೀನು ದೊಡ್ಡವನು, ಬಿಟ್ಟುಕೊಡು" ಎಂಬ ಮಾತು ನಮ್ಮ ಬಾಯಲ್ಲಿ ಎಷ್ಟು ಸುಲಭವಾಗಿ ಬರುತ್ತದೆ! ದಿನಾಲೂ ಬಿಡುವ ಹಿರಿಯ ಮಗುವಿನಲ್ಲಿ ಪ್ರೀತಿಯಲ್ಲ, ಕಹಿಯೇ ಬೆಳೆಯುತ್ತದೆ. ದಿನಾಲೂ ಪಡೆಯುವ ಕಿರಿಯದು ಅಳುವದೇ ಆಯುಧವೆಂದು ಕಲಿಯುತ್ತದೆ. ಇದಕ್ಕಿಂತಲೂ ಕೆಟ್ಟದ್ದು, "ನೀನು ಹೆಣ್ಣು, ಅವನಿಗೆ ಕೊಟ್ಟುಬಿಡು" ಎಂಬದು. ದೇವರು ತನ್ನ ಸ್ವರೂಪದಲ್ಲಿ ಗಂಡನ್ನೂ ಹೆಣ್ಣನ್ನೂ ಸೃಷ್ಟಿಸಿರಲಾಗಿ, ಜೋಕಾಲಿಯ ಸರದಿಯಲ್ಲಿ ಹೆಣ್ಣುಮಗಳನ್ನು ಹಿಂದಕ್ಕೆ ತಳ್ಳುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು? ಯಾಕೋಬನು ಒಬ್ಬ ಮಗನಿಗೆ ವಿಶೇಷವಾದ ಅಂಗಿಯನ್ನು ಹೊಲಿಸಿದನು. ಆ ಅಂಗಿಯು ರಕ್ತದಲ್ಲಿ ಅದ್ದಲ್ಪಟ್ಟು ಅವನ ಕೈಗೆ ತಿರಿಗಿ ಬಂತು.

ನಾಲ್ಕನೆಯದು, ಬಲವಂತದಿಂದ "ತಪ್ಪಾಯಿತು" ಎನ್ನಿಸುವದು. ಕಿವಿಯನ್ನು ಹಿಂಡಿ ಹೇಳಿಸಿದ ಈ ಮಾತಿನಿಂದ ಕೂಸು ಕಲಿಯುವದೇನು? ಹೃದಯದಲ್ಲಿ ಇಲ್ಲದ್ದನ್ನು ಬಾಯಿಂದ ಹೇಳಿದರೆ ಶಿಕ್ಷೆಯು ತಪ್ಪುತ್ತದೆಂಬದನ್ನೇ. ಇದು ಪಶ್ಚಾತ್ತಾಪವಲ್ಲ, ಕಪಟದ ಅಭ್ಯಾಸವು.

೩. ಸಮಾಧಾನ ಮಾಡಿಸುವ ಕ್ರಮ

ಹಾಗಾದರೆ ಏನು ಮಾಡತಕ್ಕದ್ದು? ಮಾರ್ಕನ ಸುವಾರ್ತೆಯ ೯ನೆಯ ಅಧ್ಯಾಯವನ್ನು ತೆರೆಯಿರಿ. ತಮ್ಮಲ್ಲಿ ಯಾರು ಹೆಚ್ಚಿನವನೆಂದು ಶಿಷ್ಯರು ದಾರಿಯಲ್ಲಿ ವಾಗ್ವಾದ ಮಾಡಿದರು. ಕರ್ತನು ದಾರಿಯಲ್ಲಿಯೇ ಗದರಿಸಲಿಲ್ಲ. ಮನೆಯನ್ನು ಸೇರಿದ ಮೇಲೆ ಏನು ಮಾತಾಡಿಕೊಂಡಿರೆಂದು ಕೇಳಿದನು. ಅವರು ಸುಮ್ಮನಿದ್ದರು. ಆತನು ಕುಳಿತುಕೊಂಡು ಅವರನ್ನು ಹತ್ತಿರಕ್ಕೆ ಕರೆದು ಒಂದು ಮಗುವನ್ನು ನಡುವೆ ನಿಲ್ಲಿಸಿ ಬೋಧಿಸಿದನು. ಸಮಯವನ್ನು ನೋಡುವದು, ಕೇಳುವದು, ಕುಳಿತುಕೊಳ್ಳುವದು, ಆಮೇಲೆ ಕಲಿಸುವದು: ಇದೇ ನಮಗೂ ಕ್ರಮವಾಗಿರಲಿ. ಮಕ್ಕಳ ನಡುವೆ ಇದನ್ನು ಆರು ಮೆಟ್ಟಲುಗಳಾಗಿ ನಡಿಸಬಹುದು.

(೧) ಮೊದಲು ಕೈಗಳನ್ನು ನಿಲ್ಲಿಸಿರಿ. ಕೂಗದೆ ಹತ್ತಿರಕ್ಕೆ ಹೋಗಿ, ಅವರ ಎತ್ತರಕ್ಕೆ ಕುಳಿತು, ಜಗಳದ ವಸ್ತುವನ್ನು ನೀವೇ ಹಿಡಿದುಕೊಳ್ಳಿರಿ. (೨) ಇಬ್ಬರ ಮನಸ್ಸಿನಲ್ಲಿರುವ ದುಃಖಕ್ಕೂ ಕೋಪಕ್ಕೂ ಹೆಸರಿಡಿರಿ. ತನ್ನ ಸಂಕಟವು ಮತ್ತೊಬ್ಬರಿಗೆ ತಿಳಿಯಿತೆಂದು ಕಂಡ ಕೂಡಲೆ ಕೂಸಿನ ಅರ್ಧ ಕೋಪವು ಇಳಿಯುತ್ತದೆ. (೩) ಒಬ್ಬೊಬ್ಬರಾಗಿ ಹೇಳಲಿ. ಒಬ್ಬನು ಹೇಳುವಾಗ ಮತ್ತೊಬ್ಬನು ಕೇಳಲಿ. (೪) ಕೇಳಿದ್ದನ್ನು ದೂಷಣೆಯಿಲ್ಲದೆ ಒಂದೇ ಮಾತಿನಲ್ಲಿ ತಿರಿಗಿ ಹೇಳಿರಿ. (೫) ಈಗ ಏನು ಮಾಡೋಣವೆಂದು ಅವರನ್ನೇ ಕೇಳಿ ಉತ್ತರಕ್ಕಾಗಿ ಕಾದುಕೊಳ್ಳಿರಿ. (೬) ಇಬ್ಬರೂ ಒಪ್ಪಿದ ಮೇಲೆ ಅಲ್ಲಿಂದ ಹೋಗಿಬಿಡದೆ, ಒಪ್ಪಿದಂತೆ ನಡೆಯುತ್ತದೋ ಎಂದು ಸ್ವಲ್ಪ ಹೊತ್ತು ನೋಡಿರಿ.

ದೃಷ್ಟಾಂತಕ್ಕಾಗಿ, ಹುಣಿಸೇಮರದ ಕೊಂಬೆಗೆ ಕಟ್ಟಿದ ಜೋಕಾಲಿಗಾಗಿ ಆರು ವರ್ಷದ ಹುಡುಗನೂ ಐದು ವರ್ಷದ ನೆರೆಮನೆಯ ಹುಡುಗಿಯೂ ಹಗ್ಗವನ್ನು ಎಳೆದಾಡುತ್ತಾರೆಂದು ಭಾವಿಸೋಣ. ಅಜ್ಜಿಯು ಬಂದು ಕುಳಿತು ಹಗ್ಗವನ್ನು ಹಿಡಿಯುತ್ತಾಳೆ.

"ಹಗ್ಗ ನನ್ನ ಕೈಯಲ್ಲಿ ಇರಲಿ. ತಮ್ಮಾ, ನಿನಗೆ ಬಹಳ ಸಿಟ್ಟು ಬಂದದೆ. ತಂಗೀ, ನಿನಗೆ ಅಳು ಬಂದದೆ. ಏನಾಯಿತು? ಮೊದಲು ತಂಗಿ ಹೇಳಲಿ. ಆಮೇಲೆ ನಿನ್ನ ಮಾತನ್ನೂ ಕೇಳುತ್ತೇನೆ."

"ನಾನು ಕೂತಿದ್ದೆ, ಅಜ್ಜೀ. ಇವನು ದಬ್ಬಿದ."

"ತಮ್ಮಾ, ಈಗ ನೀನು ಹೇಳು."

"ಇವಳು ಆವಾಗಿನಿಂದ ಕೂತಿದ್ದಾಳೆ, ಇಳಿಯುವದೇ ಇಲ್ಲ. ನನಗೆ ಸರದಿಯೇ ಬರಲಿಲ್ಲ."

"ಹಾಗಾದರೆ ಜೋಕಾಲಿ ಒಂದು, ತೂಗಿಕೊಳ್ಳಬೇಕೆನ್ನುವವರು ಇಬ್ಬರು. ಇದೇ ಅಲ್ಲವೇ ಜಗಳ? ದಬ್ಬಿದರೆ ಬಿದ್ದು ಕೈ ಮುರಿದೀತು, ದಬ್ಬುವದು ಬೇಡ. ಇಬ್ಬರಿಗೂ ಸಿಗುವ ಹಾಗೆ ಏನು ಮಾಡೋಣ, ನೀವೇ ಹೇಳಿರಿ."

ಇಲ್ಲಿ ಅಜ್ಜಿಯು ಸುಮ್ಮನಿರಬೇಕು. ಉತ್ತರವು ಅವಳ ನಾಲಿಗೆಯ ತುದಿಯಲ್ಲಿದ್ದರೂ ನುಂಗಿಕೊಳ್ಳಬೇಕು. ಮಕ್ಕಳು ನೆಲವನ್ನು ಕೆರೆಯುವರು, ಮರವನ್ನು ನೋಡುವರು. ಕಡೆಗೆ ಒಬ್ಬನು, "ಇಪ್ಪತ್ತು ಸಾರಿ ಅವಳು, ಇಪ್ಪತ್ತು ಸಾರಿ ನಾನು, ನಾನು ಎಣಿಸುತ್ತೇನೆ" ಎನ್ನುವನು. "ನನಗೆ ಇಪ್ಪತ್ತು ಎಣಿಸುವದಕ್ಕೆ ಬರುವದಿಲ್ಲ, ಹತ್ತು ಸಾರಿ" ಎಂದು ಅವಳು ಹೇಳುವಳು. ಹತ್ತೆಂದು ಒಪ್ಪಂದವಾಗುವದು. ಹುಡುಗನು ಎಣಿಸುತ್ತಾ ಅವಳನ್ನು ತೂಗುವನು. ದಬ್ಬಿದ ಕೈಯೇ ತೂಗುವ ಕೈಯಾಯಿತು. ಅಜ್ಜಿಯೇ ಹತ್ತೆಂದು ಗೊತ್ತುಮಾಡಿದ್ದರೆ ಅವಳು ಒಳಕ್ಕೆ ಹೋದ ಕೂಡಲೆ ಆ ಅಪ್ಪಣೆಯು ಮುರಿದುಹೋಗುತ್ತಿತ್ತು. ತಾವೇ ಮಾಡಿಕೊಂಡ ಒಪ್ಪಂದವನ್ನು ಮಕ್ಕಳು ಬಲು ಅಭಿಮಾನದಿಂದ ಕಾಯುತ್ತಾರೆ.

ಇದಕ್ಕೆ ಸಾಕ್ಷಿಯು ಪ್ರತಿಯೊಂದು ಊರಿನ ಬೀದಿಯಲ್ಲಿದೆ. ಗೋಲಿ ಆಡುವ ಹುಡುಗರನ್ನು ನೋಡಿರಿ. ಮೇಲೆ ಹೇಳಿದ ಪಿಯಾಜೆಯು ಜಿನೀವದಲ್ಲಿಯೂ ನ್ಯೂಶಾಟೆಲಿನಲ್ಲಿಯೂ ಗೋಲಿ ಆಡುವ ಹುಡುಗರ ಬಳಿ ಕುಳಿತು, ಆಟದ ನಿಯಮಗಳನ್ನು ಯಾರು ಮಾಡಿದರು, ಅವುಗಳನ್ನು ಬದಲಾಯಿಸಬಹುದೋ ಎಂದು ವಿಚಾರಿಸಿದನು. ಚಿಕ್ಕವರು ನಿಯಮಗಳು ದೊಡ್ಡವರಿಂದಲೋ ದೇವರಿಂದಲೋ ಬಂದವು, ಅವುಗಳನ್ನು ಮುಟ್ಟಬಾರದು ಎಂದರು. ಆದರೂ ಆಡುವಾಗ ತಮ್ಮ ಇಷ್ಟದಂತೆ ಆಡಿದರು. ಹತ್ತು ವರ್ಷಕ್ಕೆ ಮೇಲ್ಪಟ್ಟವರು ಎಲ್ಲರೂ ಒಪ್ಪಿದರೆ ಬದಲಾಯಿಸಬಹುದೆಂದರು. ಮತ್ತು ಒಪ್ಪಿದ್ದನ್ನು ಜಾಗ್ರತೆಯಾಗಿ ಕಾದುಕೊಂಡರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣವು ಇರುವದೂ ಅದೇ ಸ್ವಿಟ್ಜರ್ಲೆಂಡ್ ದೇಶದಲ್ಲಿಯೇ. ಆ ದೇಶದ ಹುಡುಗರ ಗೋಲಿಯಾಟಕ್ಕೂ ನಮ್ಮ ಹುಡುಗರ ಗೋಲಿಯಾಟಕ್ಕೂ ಈ ವಿಷಯದಲ್ಲಿ ಭೇದವಿಲ್ಲ.

ವಯಸ್ಸಿಗೆ ತಕ್ಕಂತೆ ಈ ಕ್ರಮವನ್ನು ನಡಿಸಬೇಕು. ಮೂರು ವರ್ಷದೊಳಗಿನ ಕೂಸಿನಿಂದ ಆರು ಮೆಟ್ಟಲುಗಳನ್ನು ಹತ್ತಿಸಲಾಗದು. ಅದನ್ನು ಅಪ್ಪಿಕೊಂಡು, "ನಿನಗೆ ಅದು ಬೇಕಾಗಿದೆ, ಕೈ ಚಾಚಿ ಕೇಳು" ಎಂದು ಮಾತನ್ನು ಕೊಟ್ಟರೆ ಸಾಕು. ಅಂಗನವಾಡಿಗೆ ಹೋಗುವ ನಾಲ್ಕೈದು ವರ್ಷದವರು ಹಿರಿಯರ ಸಹಾಯದಿಂದ ಈ ಕ್ರಮವನ್ನು ನಡಿಸಬಲ್ಲರು. ಏಳೆಂಟು ವರ್ಷದವರಾದರೆ ಸ್ವಲ್ಪ ಅಭ್ಯಾಸದಿಂದ ತಾವೇ ನಡಿಸುವರು, ಚಿಕ್ಕವರಿಗೂ ಮಧ್ಯಸ್ಥರಾಗುವರು.

೪. ಕೇಳಿದರೆ ಮಕ್ಕಳು ಕೊಡುವರೋ?

ಮಕ್ಕಳನ್ನೇ ಕೇಳಿದರೆ ಅವರು ತಮ್ಮ ಲಾಭವನ್ನೇ ನೋಡುವರೆಂದು ಕೆಲವರು ಹೇಳಬಹುದು. ಅಂಥವರು ಪೆಸ್ಟಲೋಜಿಯ ವೃತ್ತಾಂತವನ್ನು ಕೇಳಲಿ. ಅವನೂ ಸ್ವಿಟ್ಜರ್ಲೆಂಡಿನವನೇ. ೧೭೯೮ರಲ್ಲಿ ಫ್ರೆಂಚ್ ಸೈನ್ಯವು ಆ ದೇಶದ ಸ್ಟಾನ್ಸ್ ಎಂಬ ಊರನ್ನು ಹಾಳುಮಾಡಿದ ಮೇಲೆ, ೧೭೯೯ರಲ್ಲಿ ಅವನು ಅಲ್ಲಿ ಸುಮಾರು ೮೦ ಮಂದಿ ಅನಾಥ ಮಕ್ಕಳೊಂದಿಗೆ ವಾಸಮಾಡಿದನು. ಅವರಲ್ಲಿ ಬಹಳ ಮಂದಿ ಭಿಕ್ಷೆಯಿಂದ ಬದುಕಿದವರು, ಕಜ್ಜಿಹಿಡಿದವರು, ಒಬ್ಬರನ್ನೊಬ್ಬರು ನಂಬದವರು. ಅವರೊಂದಿಗೆ ಉಂಡು, ಅವರ ನಡುವೆ ಮಲಗಿ, ಅವರ ರೋಗಗಳಲ್ಲಿ ಶುಶ್ರೂಷೆ ಮಾಡಿದನು. ಹೀಗಿರಲಾಗಿ ಅದೇ ವರ್ಷ ಆಲ್ಟ್‌ಡಾರ್ಫ್ ಎಂಬ ಪಟ್ಟಣವು ಬೆಂಕಿಯಿಂದ ಸುಟ್ಟುಹೋಯಿತು. ಅಲ್ಲಿಯ ಸುಮಾರು ೨೦ ಮಂದಿ ಮಕ್ಕಳನ್ನು ತಮ್ಮ ಮನೆಗೆ ಸೇರಿಸಿಕೊಳ್ಳೋಣವೋ ಎಂದು ಅವನು ತನ್ನ ಮಕ್ಕಳನ್ನೇ ಕೇಳಿದನು. ಅವರು ಸಂತೋಷದಿಂದ ಹೌದೆಂದರು. ಅವನು ಅಷ್ಟಕ್ಕೆ ತೃಪ್ತನಾಗಲಿಲ್ಲ. ನಮ್ಮಲ್ಲಿ ಹಣವು ಹೆಚ್ಚಿಲ್ಲ, ಅವರು ಬಂದರೆ ನೀವು ಹೆಚ್ಚು ಕೆಲಸಮಾಡಬೇಕಾದೀತು, ಕಡಿಮೆ ತಿನ್ನಬೇಕಾದೀತು, ಬಟ್ಟೆಯನ್ನು ಸಹ ಹಂಚಿಕೊಳ್ಳಬೇಕಾದೀತು ಎಂದು ಎಲ್ಲವನ್ನೂ ಬಿಡಿಸಿ ಹೇಳಿ ತಿರಿಗಿ ಕೇಳಿದನು. ಆಗಲೂ ಅವರು ಬರಲಿ ಎಂದರು.

ಹೊಡೆದು ಹಂಚಿಸಿದ್ದರೆ ಆ ಮಕ್ಕಳು ತಮ್ಮ ರೊಟ್ಟಿಯನ್ನು ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದರು. ಕೇಳಿದ್ದರಿಂದ ಕೊಟ್ಟರು. ಆದರೆ ಕೇಳುವದಕ್ಕೆ ಮುಂಚೆ ಪೆಸ್ಟಲೋಜಿಯು ತಾನೇ ಎಲ್ಲವನ್ನೂ ಅವರಿಗೆ ಕೊಟ್ಟಿದ್ದನೆಂಬದನ್ನು ಮರೆಯಬಾರದು.

೫. ತಪ್ಪನ್ನು ಸರಿಪಡಿಸುವದು

ನಿಜವಾಗಿ ಒಬ್ಬನು ತಪ್ಪುಮಾಡಿದ್ದರೆ ಹೇಗೆ? ಜಕ್ಕಾಯನ ಪಶ್ಚಾತ್ತಾಪವನ್ನು ನೆನಸಿರಿ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರಿಗಿ ಕೊಡುವೆನೆಂದು ಅವನು ಎದ್ದು ನಿಂತನು. ಬರೇ ಮಾತಿನಿಂದ ತೀರಿಸಲಿಲ್ಲ. ಮಗುವಿಗೂ, "ತಪ್ಪಾಯಿತೆನ್ನು" ಎನ್ನುವದಕ್ಕೆ ಬದಲಾಗಿ, "ನೋಡು, ಅವನ ಮೊಣಕಾಲು ತರಚಿ ರಕ್ತ ಬರುತ್ತದೆ. ಏನು ಮಾಡಿದರೆ ಅವನಿಗೆ ನೆಟ್ಟಗಾದೀತು?" ಎಂದು ಕೇಳಿರಿ. ಅದು ಓಡಿಹೋಗಿ ನೀರನ್ನು ತಂದೀತು. ಹರಿದ ಗಾಳಿಪಟಕ್ಕೆ ಕಾಗದ ಅಂಟಿಸೀತು. ತನ್ನ ಗೋಲಿಯನ್ನು ಕೊಟ್ಟೀತು. ಕೈ ಕೆಲಸಮಾಡಿದ ಮೇಲೆ ಹೃದಯವೂ ಕರಗಿ, ತಪ್ಪಾಯಿತೆಂಬ ಮಾತು ತಾನಾಗಿಯೇ ಬಂದೀತು. ಬಾರದಿದ್ದರೆ ಕಾದುಕೊಳ್ಳಿರಿ, ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ಆ ಮಗುವಿನೊಂದಿಗೆ ಒಂಟಿಯಾಗಿ ಮಾತಾಡಿರಿ. ನೊಂದ ಮಗುವನ್ನೂ ಕೂಡಲೆ ಕ್ಷಮಿಸೆಂದು ಅವಸರಪಡಿಸಬೇಡಿರಿ.

ಚಾಡಿ ಹೇಳುವದಕ್ಕೂ ಸಹಾಯ ಕೇಳುವದಕ್ಕೂ ಇರುವ ಭೇದವನ್ನು ಸಹ ಕಲಿಸತಕ್ಕದ್ದು. ಸಹೋದರನು ತಪ್ಪುಮಾಡಿದರೆ ಮೊದಲು ನೀನೂ ಅವನೂ ಇಬ್ಬರೇ ಇರುವಾಗ ತಿಳಿಸಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರಕೊಂಡು ಹೋಗಬೇಕು, ಆಮೇಲೆ ಸಭೆಗೆ ಹೇಳಬೇಕೆಂಬ ಕ್ರಮವನ್ನು ಕರ್ತನು ಮತ್ತಾಯ ೧೮ನೆಯ ಅಧ್ಯಾಯದಲ್ಲಿ ಕೊಟ್ಟಿದ್ದಾನೆ. "ಅವನಿಗೆ ನೀನೇ ಹೇಳಿದೆಯಾ? ನಾನು ಜೊತೆಗೆ ಬರಲೋ?" ಎಂದು ಕೇಳುವ ಉಪಾಧ್ಯಾಯನು ಈ ಕ್ರಮದ ಮೊದಲಿನ ಎರಡು ಮೆಟ್ಟಲುಗಳನ್ನು ಮಗುವಿಗೆ ಕಲಿಸುತ್ತಾನೆ.

೬. ಸಮಾಧಾನವೆಂದು ಮುಚ್ಚಬಾರದವುಗಳು

ಗಾಯವನ್ನು ಗುಣಮಾಡದೆಯೇ ಸಮಾಧಾನವಾಯಿತೆಂದು ಸಾರುವವರನ್ನು ಯೆರೆಮೀಯನು ಬಹಳ ಕಠಿಣವಾಗಿ ಖಂಡಿಸಿದನು. ಮೇಲೆ ಹೇಳಿದ ಕ್ರಮವು ಸಮಾನರಾದ ಮಕ್ಕಳ ಜಗಳಕ್ಕೆ ತಕ್ಕದ್ದು. ಒಬ್ಬ ಬಲಿಷ್ಠನು ದಿನಾಲೂ ಒಬ್ಬ ಬಡಪಾಯಿಯನ್ನು ಹಿಂಸಿಸಿದರೆ ಅದು ಜಗಳವಲ್ಲ, ಪೀಡೆಯು. ಅಲ್ಲಿ ಇಬ್ಬರನ್ನೂ ಸಮನಾಗಿ ಕೂಡ್ರಿಸಿ ಒಪ್ಪಂದ ಮಾಡಿಸುವದು ಅನ್ಯಾಯವೇ. ಹಿರಿಯರು ನಡುವೆ ಬಂದು ಪೀಡೆಯನ್ನು ನಿಲ್ಲಿಸಬೇಕು, ಪೀಡಿತನನ್ನು ಕಾಯಬೇಕು. ದೊಡ್ಡ ಹುಡುಗನಾಗಲಿ ದೊಡ್ಡವರಾಗಲಿ ಮಗುವಿನ ಮೈಯನ್ನು ಕೆಟ್ಟ ರೀತಿಯಲ್ಲಿ ಮುಟ್ಟಿದ್ದನ್ನು ಅದು ಹೇಳಿದರೆ, ಮನೆತನದ ಮಾನಕ್ಕಾಗಲಿ ಸಭೆಯ ಹೆಸರಿಗಾಗಲಿ ಅಂಜಿ ಬಾಯಿ ಮುಚ್ಚಿಸತಕ್ಕದ್ದಲ್ಲ. ಮಗುವನ್ನು ನಂಬಿರಿ, ಅಧಿಕಾರಿಗಳಿಗೆ ತಿಳಿಸಿರಿ. ಮಕ್ಕಳ ಸಹಾಯಕ್ಕಾಗಿ ೧೦೯೮ ಎಂಬ ದೂರವಾಣಿಯ ಸಂಖ್ಯೆಯುಂಟು.

ಮತ್ತೊಂದು ಸಂಗತಿಯನ್ನು ನಾಚಿಕೆಯಿಂದಲೇ ಹೇಳಬೇಕಾಗಿದೆ. ಸಿಟ್ಟಿನ ಹೊತ್ತಿನಲ್ಲಿ ಮಕ್ಕಳ ಬಾಯಿಂದ ಜಾತಿಯ ಹೆಸರು ಬೈಗಳಾಗಿ ಹೊರಡುವದುಂಟು. ಐದು ವರ್ಷದ ಕೂಸು ಆ ಮಾತನ್ನು ಎಲ್ಲಿ ಕಲಿತಿತು? ಗೋಲಿಯಿಂದಲ್ಲ, ಬುಗುರಿಯಿಂದಲ್ಲ, ಒಲೆಯ ಮುಂದೆ ಹಿರಿಯರು ಆಡಿಕೊಂಡದ್ದರಿಂದ. ನಮ್ಮ ದೇಶದಲ್ಲಿ ೧೯೫೦ರಿಂದ ಜಾರಿಯಲ್ಲಿರುವ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿದೆ. ಕ್ರಿಸ್ತನ ಶಿಲುಬೆಯು ನಡುಗೋಡೆಯನ್ನು ಅದಕ್ಕಿಂತ ಎಷ್ಟೋ ಮುಂಚೆ ಕೆಡವಿತು. ಹಾಗಿದ್ದರೂ ಒಂದೇ ಪಾತ್ರೆಯಿಂದ ಪ್ರಭುಭೋಜನವನ್ನು ತೆಗೆದುಕೊಳ್ಳುವವರ ಮನೆಯಲ್ಲಿ ಆ ಹೆಸರು ಬೈಗಳಾಗಿ ಉಳಿದಿರುವದಾದರೆ, ಮಗುವನ್ನು ಶಿಕ್ಷಿಸುವದಕ್ಕೆ ಮುಂಚೆ ನಮ್ಮ ನಾಲಿಗೆಯನ್ನು ಶೋಧಿಸೋಣ. ಮಗುವಿಗೆ ಸ್ಪಷ್ಟವಾಗಿ ಹೇಳಿರಿ: "ಬುಗುರಿಗಾಗಿ ಸಿಟ್ಟು ಬರಲಿ, ಅದನ್ನು ಮಾತಾಡಿ ಸರಿಮಾಡೋಣ. ಆದರೆ ಆ ಹೆಸರಿನಿಂದ ಯಾರನ್ನೂ ಕರೆಯತಕ್ಕದ್ದಲ್ಲ. ಅವನೂ ದೇವರ ಮಗನು." ಹೇಳಿಸಿಕೊಂಡ ಮಗುವಿನ ಬಳಿಯಲ್ಲಿಯೂ ಅದರ ತಾಯಿತಂದೆಗಳ ಬಳಿಯಲ್ಲಿಯೂ ನೀವೇ ನಡೆದುಹೋಗಿ ಆ ಮಾತಿಗಾಗಿ ಕ್ಷಮೆ ಬೇಡಿರಿ. ನಿಮ್ಮ ಮಗುವು ನಿಮ್ಮ ಕೈ ಹಿಡಿದುಕೊಂಡು ಜೊತೆಗೆ ಬರಲಿ.

೭. ಸಭೆಯೇ ಮಕ್ಕಳ ಪಾಠಪುಸ್ತಕ

ಅಪೊಸ್ತಲರ ಕೃತ್ಯಗಳ ೬ನೆಯ ಅಧ್ಯಾಯದಲ್ಲಿ ಆದಿಸಭೆಯಲ್ಲಿಯೂ ಗುಣುಗುಟ್ಟುವಿಕೆ ಹುಟ್ಟಿತೆಂದು ಓದುತ್ತೇವೆ. ಗ್ರೀಕ್ ಭಾಷೆಯವರ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಕೊರತೆಯಾಗಿತ್ತು. ಅಪೊಸ್ತಲರು ದೂರುಕೊಟ್ಟವರ ಬಾಯಿ ಮುಚ್ಚಿಸಲಿಲ್ಲ. ಎಲ್ಲರನ್ನೂ ಕರೆಯಿಸಿ, ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿರಿ ಎಂದರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಕೊರತೆಯನ್ನು ಅನುಭವಿಸಿದವರ ಕಡೆಯವರ ಕೈಗೇ ಹಂಚುವ ಕೆಲಸವು ಬಂತು. ಜೋಕಾಲಿಯ ಕೆಳಗೆ ಅಜ್ಜಿಯು ಮಾಡಿದ್ದೂ ಇದೇ ಅಲ್ಲವೇ?

ನಲ್ಲಿಯ ಬಳಿಯಲ್ಲಿ ಕೊಡಗಳ ಸರದಿಗಾಗಿ ನಾವು ಆಡುವ ಮಾತನ್ನೂ, ಹೊಲದ ಬದುವಿಗಾಗಿ ತಮ್ಮಂದಿರೊಂದಿಗೆ ನಾವು ನಡಿಸುವ ವ್ಯಾಜ್ಯವನ್ನೂ, ಸಭಾಕೂಟದಲ್ಲಿ ನಾವು ಎತ್ತುವ ಸ್ವರವನ್ನೂ ಮಕ್ಕಳು ನೋಡುತ್ತಾ ಇದ್ದಾರೆ. ಗಂಡನು ಹೆಂಡತಿಗೆ, "ಕೋಪದಲ್ಲಿ ಹಾಗೆ ಅಂದದ್ದು ನನ್ನ ತಪ್ಪು" ಎಂದು ಮಕ್ಕಳ ಮುಂದೆ ಹೇಳಿದ ಒಂದು ದಿನದ ಪಾಠಕ್ಕೆ ಆದಿತ್ಯವಾರದ ಶಾಲೆಯ ಒಂದು ವರ್ಷದ ಪಾಠವೂ ಸಮನಾಗದು. ನೆರೆಯವನೊಂದಿಗೆ ಮಾತು ಬಿಟ್ಟವರು ಯಾರಾದರೂ ಈ ಪತ್ರಿಕೆಯನ್ನು ಓದುತ್ತಾ ಇರುವದಾದರೆ, ಮಕ್ಕಳಿಗೆ ಈ ಕ್ರಮವನ್ನು ಕಲಿಸುವದಕ್ಕೆ ಮುಂಚೆ ಇಂದೇ ಸಾಯಂಕಾಲ ಆ ಬಾಗಿಲಿಗೆ ಹೋಗಿಬರಲಿ.

ಮನೆಯಲ್ಲಿಯೂ ಕೂಟದಲ್ಲಿಯೂ ಆಲೋಚಿಸತಕ್ಕ ಪ್ರಶ್ನೆಗಳು

೧. ಅಬ್ರಾಮನು ಲೋಟನೊಂದಿಗೆ ನಡೆದುಕೊಂಡದ್ದರಲ್ಲಿ ನಮ್ಮ ಮನೆಯ ಹಿರಿಯರಿಗೆ ಯಾವ ಮಾದರಿಯುಂಟು?

೨. ನಮ್ಮ ಮನೆಯಲ್ಲಿ ಯಾವಾಗಲೂ ಬಿಟ್ಟುಕೊಡುವ ಮಗುವು ಯಾವದು? ಯಾಕೆ?

೩. ಕಳೆದ ವಾರದಲ್ಲಿ ನಡೆದ ಮಕ್ಕಳ ಒಂದು ಜಗಳವನ್ನು ನೆನಸಿಕೊಳ್ಳಿರಿ. ಆರು ಮೆಟ್ಟಲುಗಳಲ್ಲಿ ಯಾವದನ್ನು ನಾವು ಬಿಟ್ಟುಬಿಟ್ಟೆವು?

೪. ನಮ್ಮ ಮಾತುಗಳಲ್ಲಿ ಮಕ್ಕಳು ಕಲಿಯಬಾರದ ಹೆಸರುಗಳು ಇನ್ನೂ ಉಂಟೋ?

೫. ಸಭೆಯಲ್ಲಿ ಯಾರೊಂದಿಗೆ ನಾವು ಸಮಾಧಾನವಾಗತಕ್ಕದ್ದು ಉಳಿದಿದೆ?

ಸಮಾಧಾನದ ಕರ್ತನು ನಮ್ಮ ಅಂಗಳಗಳಲ್ಲಿಯೂ ನಮ್ಮ ಸಭೆಗಳಲ್ಲಿಯೂ ವಾಸಮಾಡಲಿ. ಆಮೆನ್.